ಅಳಿಸುವ ಮೊದಲು ತೋರಿಸು

ನಮ್ಮ ಕಾಸರಗೋಡಿನ ಕಡೆಯಲ್ಲಿ ಲಕೋಟೆಯ ಮೇಲೆ ವಿಳಾಸ ಬರೆಯುವ ಕ್ರಮ ನಿಮಗೆ ಗೊತ್ತೇ ಇದೆ. ಮೊದಲು ಮನೆಹೆಸರು, ಆಮೇಲೆ ಅಂಚೆ, ಆಮೇಲೆ ‘ವಯಾ’, ಕೊನೆಗೆ ಜಿಲ್ಲೆ. ಚಿಕ್ಕದರಿಂದ ದೊಡ್ಡದಕ್ಕೆ ಸಾಗುವ ಕ್ರಮ ಅದು. ಅಂತರ್ಜಾಲದ ಹೆಸರುಗಳೂ ಹೀಗೆಯೇ. ಎಡಗಡೆ ಯಂತ್ರದ ಹೆಸರು, ನಡುವೆ ಸಂಸ್ಥೆಯ ಹೆಸರು, ಬಲಗಡೆ ‘ಡಾಟ್ ಇನ್’ ಅಥವಾ ‘ಡಾಟ್ ಆರ್ಗ್’. ಆದರೆ ಕಂಪ್ಯೂಟರುಗಳು ಒಂದನ್ನೊಂದು ತಲಪುವುದು ಹೆಸರಿನಿಂದಲ್ಲ, ಅಂಕೆಗಳಿಂದ. ಹೆಸರು ಕೊಟ್ಟರೆ ಅಂಕೆ ಹುಡುಕಿ ಕೊಡುವ ವ್ಯವಸ್ಥೆಗೆ ಡೊಮೈನ್ ನೇಮ್ ಸಿಸ್ಟಮ್, ಚಿಕ್ಕದಾಗಿ ಡಿಎನ್‌ಎಸ್, ಎನ್ನುತ್ತಾರೆ. 1983ರಲ್ಲಿ ಪಾಲ್ ಮೊಕಪೆಟ್ರಿಸ್ ಇದರ ಮೊದಲ ರೂಪವನ್ನು ಪ್ರಕಟಿಸಿದರು.

ಪ್ರತಿ ಸಂಸ್ಥೆಯೂ ತನ್ನ ಹೆಸರಿನ ಖಾತೆಯನ್ನು ತಾನೇ ಬರೆದಿಡಬೇಕು. ಆ ಖಾತೆಯ ಒಂದೊಂದು ಸಾಲು ಒಂದೊಂದು ರೆಕಾರ್ಡ್. ‘ಎ’ ರೆಕಾರ್ಡ್ ಯಂತ್ರದ ಅಂಕೆಯನ್ನು ಹೇಳುತ್ತದೆ. ‘ಎಂಎಕ್ಸ್’ ರೆಕಾರ್ಡ್ ಇ-ಮೇಲ್ ಯಾವ ಯಂತ್ರಕ್ಕೆ ಹೋಗಬೇಕೆಂದು ಹೇಳುತ್ತದೆ. ‘ಸಿನೇಮ್’ ರೆಕಾರ್ಡ್ ಒಂದು ಹೆಸರಿನಿಂದ ಇನ್ನೊಂದು ಹೆಸರಿಗೆ ದಾರಿ ತೋರಿಸುತ್ತದೆ. ಮಂಜೇಶ್ವರಂ ಎಂದರೂ ಮಂಜೇಶ್ವರ ಎಂದರೂ ಊರು ಒಂದೇ ಇರುವಂತೆ. ಈ ಖಾತೆಯನ್ನು ತಿದ್ದಲು, ಕೀಲಿಮಣೆಯಿಂದ ಒಂದು ಸಾಲಿನ ಆಜ್ಞೆ ಕೊಡುವ ಸಾಧನಗಳಿವೆ. ಅಂಥ ಸಾಧನವನ್ನು ಹೇಗೆ ರೂಪಿಸಬೇಕು ಎಂಬುದೇ ಇಂದಿನ ಮಾತು.

ನನ್ನಿಂದಲೇ ಆದ ಒಂದು ತಪ್ಪನ್ನು ಮೊದಲು ಹೇಳಿಬಿಡುತ್ತೇನೆ. ನಮ್ಮ ಕಡೆಯ ಒಂದು ಸಂಘ ಕನ್ನಡ ಮಾಧ್ಯಮದ ಮಕ್ಕಳಿಗೆ ಪ್ರತಿವರ್ಷ ವಿದ್ಯಾರ್ಥಿವೇತನ ಕೊಡುತ್ತದೆ. ಅರ್ಜಿಗಳು ಇ-ಮೇಲಿನಲ್ಲಿ ಬರುತ್ತವೆ. ಸಂಘದ ಜಾಲತಾಣವನ್ನು ಬೇರೆ ಯಂತ್ರಕ್ಕೆ ಸಾಗಿಸುವ ಕೆಲಸ ನನ್ನ ಪಾಲಿಗೆ ಬಂತು. ಹಳೆಯ ‘ಎ’ ರೆಕಾರ್ಡನ್ನು ಅಳಿಸಿ ಹೊಸದನ್ನು ಸೇರಿಸಬೇಕು, ಅಷ್ಟೆ. ‘ಅಳಿಸು’ ಎಂಬ ಆಜ್ಞೆ ಬರೆದು ಸಂಘದ ಹೆಸರು ಕೊಟ್ಟೆ. ‘ಎ’ ಎಂದು ಸೇರಿಸಲು ಮರೆತೆ. ಸಾಧನ ಏನನ್ನೂ ಕೇಳಲಿಲ್ಲ. ಹೊಸ ‘ಎ’ ಬರೆದೆ. ಜಾಲತಾಣ ಚೆನ್ನಾಗಿ ತೆರೆಯಿತು. ಕೆಲಸ ಮುಗಿಯಿತೆಂದು ಊಟಕ್ಕೆ ಎದ್ದೆ.

ಮರುದಿನ ಒಬ್ಬ ತಂದೆಯ ಫೋನು ಬಂತು. “ಮಾಷ್ಟ್ರೇ, ಮಗಳ ಅರ್ಜಿ ಎರಡು ಸಲ ಕಳಿಸಿದೆವು, ಎರಡು ಸಲವೂ ವಾಪಸು ಬಂತು. ಇವತ್ತು ಕೊನೆಯ ದಿವಸ ಅಲ್ವಾ?”

ಖಾತೆ ತೆರೆದು ನೋಡಿದರೆ ಎಂಎಕ್ಸ್ ರೆಕಾರ್ಡ್ ಇರಲೇ ಇಲ್ಲ. ಬಗೆಯನ್ನು ಹೇಳದೆ ಹೆಸರನ್ನಷ್ಟೇ ಕೊಟ್ಟರೆ, ಖಾತೆಗೆ ಆಧಾರವಾದ ಎಸ್‌ಒಎ, ಎನ್‌ಎಸ್ ಎರಡನ್ನು ಬಿಟ್ಟು ಆ ಹೆಸರಿನ ಉಳಿದೆಲ್ಲವನ್ನೂ ಅಳಿಸು ಎಂದೇ ಅರ್ಥವಾಗುತ್ತದೆ. 1997ರ ಆರ್‌ಎಫ್‌ಸಿ 2136 ಎಂಬ ನಿಯಮಪತ್ರದಲ್ಲೇ ಇದಕ್ಕೆ ಅವಕಾಶವಿದೆ. ಎಂಎಕ್ಸ್ ಇಲ್ಲದಾಗ ಪತ್ರಗಳು ‘ಎ’ ತೋರಿಸಿದ ಕಡೆಗೆ ಹೋಗುತ್ತವೆ. ಅಲ್ಲಿದ್ದದ್ದು ಜಾಲತಾಣದ ಯಂತ್ರ; ಅದು ಪತ್ರಗಳನ್ನು ಹಿಂದಿರುಗಿಸಿತು.

ಕೂಡಲೇ ತಿದ್ದಿದೆ. ಆದರೂ ಎಲ್ಲ ಕಡೆ ಒಮ್ಮೆಲೇ ಸರಿಯಾಗಲಿಲ್ಲ. ಡಿಎನ್‌ಎಸ್ ಉತ್ತರಗಳನ್ನು ನಡುದಾರಿಯ ಯಂತ್ರಗಳು ಇಂತಿಷ್ಟು ಸೆಕೆಂಡುಗಳೆಂದು ನೆನಪಿಟ್ಟುಕೊಳ್ಳುತ್ತವೆ. 86400 ಎಂದಿದ್ದರೆ ಒಂದು ದಿನ. ‘ಇಲ್ಲ’ ಎಂಬ ಉತ್ತರವನ್ನೂ ಹಾಗೆಯೇ ನೆನಪಿಡುತ್ತವೆ. ಸಂಘದವರು ಗಡುವನ್ನು ಮೂರು ದಿನ ಮುಂದೂಡಿದರು. ಆ ಹುಡುಗಿಯ ಅರ್ಜಿ ಬಂತು. ಫೋನು ಮಾಡದೆ ಸುಮ್ಮನಾದವರು ಎಷ್ಟು ಮಂದಿಯೋ, ನಾನರಿಯೆ.

ಇಂಥ ತಪ್ಪು ದೊಡ್ಡ ಕಡೆಗಳಲ್ಲೂ ಆಗಿದೆ. 2009ರ ಅಕ್ಟೋಬರ್ 12ರಂದು ಸ್ವೀಡನ್ ದೇಶದ ‘ಡಾಟ್ ಎಸ್‌ಇ’ ಖಾತೆಯನ್ನು ತಯಾರಿಸುವಾಗ ಹೆಸರುಗಳ ಕೊನೆಯ ಚುಕ್ಕಿ ಬಿಟ್ಟುಹೋಯಿತು. ಖಾತೆಯಲ್ಲಿ ಚುಕ್ಕಿಯಿಂದ ಮುಗಿದರೆ ಹೆಸರು ಪೂರ್ಣ. ಇಲ್ಲದಿದ್ದರೆ ಅದರ ಕೊನೆಗೆ ವಲಯದ ಹೆಸರು ಇನ್ನೊಮ್ಮೆ ಅಂಟಿಕೊಳ್ಳುತ್ತದೆ. ಸುಮಾರು ಒಂಬತ್ತು ಲಕ್ಷ ಹೆಸರುಗಳಿಗೆ ತೊಂದರೆಯಾಯಿತು. ಖಾತೆಯನ್ನು ಹೆಚ್ಚುಕಡಿಮೆ ಒಂದು ಗಂಟೆಯಲ್ಲಿ ತಿದ್ದಿದರೂ, ನೆನಪಿನಲ್ಲಿ ಕುಳಿತ ತಪ್ಪು ಅಷ್ಟು ಬೇಗ ಹೋಗಲಿಲ್ಲ.

ಹಾಗಾದರೆ ಸಾಧನ ಹೇಗಿರಬೇಕು? ಮೊದಲನೆಯದಾಗಿ, ಆಜ್ಞೆಯ ಮಾತುಗಳಿಗೆ ಒಂದೇ ಕ್ರಮ ಬೇಕು. ಮೊದಲು ವಸ್ತು, ಆಮೇಲೆ ಕ್ರಿಯೆ: ‘ವಲಯ ತೋರಿಸು’, ‘ರೆಕಾರ್ಡ್ ಸೇರಿಸು’, ‘ರೆಕಾರ್ಡ್ ಅಳಿಸು’. ಕ್ರಿಯಾಪದವನ್ನು ಕೊನೆಗೇ ಇಡುವ ಕನ್ನಡಿಗರಿಗೆ ಇದು ಹೊಸತೇನೂ ಅಲ್ಲ. ಒಂದು ಕಡೆ ‘ಅಳಿಸು’, ಇನ್ನೊಂದು ಕಡೆ ‘ತೆಗೆ’ ಎಂದಿರಬಾರದು.

ಎರಡನೆಯದಾಗಿ, ಹೆಸರು, ಬಗೆ, ಉತ್ತರ, ಅವಧಿ ಈ ನಾಲ್ಕನ್ನೂ ಅದರದರ ಗುರುತಿನೊಂದಿಗೆ ಬೇರೆ ಬೇರೆಯಾಗಿ ಕೇಳಬೇಕು. ಅಳಿಸುವಾಗ ಬಗೆಯನ್ನು ಹೇಳದಿದ್ದರೆ ಸಾಧನ ನಿಂತುಬಿಡಬೇಕು. ಎಲ್ಲವನ್ನೂ ಅಳಿಸಬೇಕಾದವನು ‘ಎಲ್ಲ’ ಎಂದು ಬಾಯಿಬಿಟ್ಟು ಹೇಳಲಿ. ಕಡಿಮೆ ಬರೆದಷ್ಟೂ ಹೆಚ್ಚು ನಾಶವಾಗುವ ಆಜ್ಞೆ ಒಳ್ಳೆಯದಲ್ಲ.

ಮೂರನೆಯದಾಗಿ, ಬರೆಯುವ ಮೊದಲೇ ಪರೀಕ್ಷೆ ನಡೆಯಬೇಕು. ಎಂಎಕ್ಸ್ ಹೆಸರನ್ನು ತೋರಿಸಬೇಕು, ಅಂಕೆಯನ್ನಲ್ಲ. ಸಿನೇಮ್ ಇರುವ ಹೆಸರಿನಲ್ಲಿ ‘ಎ’, ಎಂಎಕ್ಸ್ ಮುಂತಾದವು ಇರಕೂಡದು. ಹೆಸರನ್ನು ಕೊನೆಯ ಚುಕ್ಕಿಯ ಸಮೇತ ಪೂರ್ತಿಯಾಗಿ ತೋರಿಸಬೇಕು. ಈಗ ಕನ್ನಡ ಲಿಪಿಯಲ್ಲೇ ‘ಡಾಟ್ ಭಾರತ’ ಎಂದು ಮುಗಿಯುವ ಹೆಸರುಗಳಿಗೂ ಅವಕಾಶವಿದೆ. ಖಾತೆಯೊಳಗೆ ಅವು ಇಂಗ್ಲಿಷ್ ಅಕ್ಷರಗಳ ಸಂಕೇತವಾಗಿ ಕೂರುತ್ತವೆ. ಎರಡನ್ನೂ ತೋರಿಸಿದರೆ ಕನ್ನಡ ಓದುವವರು ತಮ್ಮ ಹೆಸರನ್ನು ಗುರುತಿಸಿಯಾರು.

ನಾಲ್ಕನೆಯದೇ ಮುಖ್ಯವಾದದ್ದು. ಸಾಧನ ಮಾಡುವ ಮೊದಲು ತೋರಿಸಬೇಕು. ‘ಖಂಡಿತವೇ?’ ಎಂದಷ್ಟೇ ಕೇಳಿದರೆ ಸಾಲದು. ಕೈಗೆ ‘ಹೌದು’ ಒತ್ತಿ ಅಭ್ಯಾಸವಾಗಿರುತ್ತದೆ. ‘ಮೂರು ರೆಕಾರ್ಡುಗಳು ಅಳಿಯುತ್ತವೆ: ಒಂದು ಎ, ಒಂದು ಎಂಎಕ್ಸ್, ಒಂದು ಟಿಎಕ್ಸ್‌ಟಿ’ ಎಂದು ಅದು ಸಾಲುಸಾಲಾಗಿ ಹೇಳಲಿ. ಆ ಸಾಲು ಅಂದು ನನ್ನ ಕಣ್ಣಿಗೆ ಬಿದ್ದಿದ್ದರೆ ಕೈ ಅಲ್ಲೇ ನಿಲ್ಲುತ್ತಿತ್ತು. ಹಳೆಯ ಖಾತೆಯ ಪ್ರತಿಯೊಂದನ್ನು ತೆಗೆದಿಟ್ಟ ಮೇಲೆಯೇ ಬದಲಾವಣೆ ಆಗಬೇಕು. ಫಲಿತಾಂಶ ಮನುಷ್ಯರಿಗೆ ಪಟ್ಟಿಯಾಗಿ, ಇತರ ಪ್ರೋಗ್ರಾಮುಗಳಿಗೆ ಜೇಸನ್ ರೂಪದಲ್ಲಿ ಸಿಗಬೇಕು. ಕೆಲಸವಾದರೆ ಸೊನ್ನೆ, ಆಗದಿದ್ದರೆ ಬೇರೆ ಅಂಕೆ ಹಿಂದಿರುಗಬೇಕು; ಆಗ ಮಾತ್ರ ಅದನ್ನು ನಂಬಿದ ಸ್ಕ್ರಿಪ್ಟ್ ತಪ್ಪಿನ ಮೇಲೆ ತಪ್ಪು ಮಾಡದೆ ನಿಲ್ಲುತ್ತದೆ.

ನಿಮ್ಮಲ್ಲಿ ಯಾರಾದರೂ ಒಂದು ಶಾಲೆಯ, ಗ್ರಂಥಾಲಯದ, ಯಕ್ಷಗಾನ ಸಂಘದ ಹೆಸರನ್ನು ಹೀಗೆ ನೋಡಿಕೊಳ್ಳುತ್ತಿದ್ದರೆ, ಇಂದೇ ಆ ಖಾತೆಯ ಪ್ರತಿ ತೆಗೆದಿಡಿ. ಮುಂದಿನ ಸಲ ತಿದ್ದುವಾಗ ಅವಧಿಯನ್ನು ಒಂದು ದಿನ ಮೊದಲೇ ಕಡಿಮೆ ಮಾಡಿ. ಬದಲಾವಣೆಯಾದ ಮೇಲೆ ಜಾಲತಾಣ ತೆರೆಯಿತೆಂದು ಏಳಬೇಡಿ. ಹೊರಗಿನ ವಿಳಾಸದಿಂದ ಒಂದು ಪತ್ರ ಕಳುಹಿಸಿ, ಅದು ತಲಪಿತೇ ಎಂದು ನೋಡಿ. ಊಟಕ್ಕೆ ಆಮೇಲೆ ಹೋದರಾಯಿತು.