ಸ್ಟೆಂಟ್ ಹಾಕಿದ್ರಿ, ಹದಿನಾರನೇ ದಿನ?

ಆಸ್ಪತ್ರೆಯೊಳಗೆ ಏನು ನಡೆಯುತ್ತೆ ಅಂತ ನಾವು ಟಿವಿಯವರು ದಿನಾ ತೋರಿಸ್ತೀವಿ. ರೋಗಿ ಗೇಟು ದಾಟಿ ಊರಿನ ಬಸ್ ಹತ್ತಿದ ಮೇಲೆ ಏನಾಗುತ್ತೆ? ಅಲ್ಲಿಗೆ ಕ್ಯಾಮೆರಾನೂ ಹೋಗಲ್ಲ, ಸರ್ಕಾರಾನೂ ಹೋಗಲ್ಲ.

ಪುನೀತ್ ರಾಜ್‌ಕುಮಾರ್ ನಮ್ಮನ್ನ ಬಿಟ್ಟು ಹೋಗಿದ್ದು 2021ರ ಅಕ್ಟೋಬರ್ 29ರಂದು. ಅವರ ಹೆಸರಲ್ಲೇ 2023ರಲ್ಲಿ ಹೃದಯ ಜ್ಯೋತಿ ಯೋಜನೆ ಬಂತು. ತಾಲೂಕು ಆಸ್ಪತ್ರೆಯಲ್ಲಿ ಇಸಿಜಿ ಮಾಡ್ತಾರೆ, ದೊಡ್ಡಾಸ್ಪತ್ರೆಯ ತಜ್ಞರು ನೋಡ್ತಾರೆ, ಹೆಪ್ಪು ಕರಗಿಸುವ ದುಬಾರಿ ಇಂಜೆಕ್ಷನ್ ಅಲ್ಲೇ ಉಚಿತ. ಒಳ್ಳೆ ಯೋಜನೆ, ಸಂಶಯವೇ ಬೇಡ. ಮುಂದೆ ಸ್ಟೆಂಟ್ ಬೇಕಾದ್ರೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಇದೆ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ.

ಈಗ ದೇವದುರ್ಗ ತಾಲೂಕಿನ ಒಬ್ಬ ಕೂಲಿಕಾರ ಕಲಬುರಗಿಗೆ ಹೋಗಿ ಸ್ಟೆಂಟ್ ಹಾಕಿಸ್ಕೊಂಡು ಬಂದ ಅಂತಿಟ್ಕೊಳ್ಳಿ. ಸ್ಟೆಂಟ್ ಅಂದ್ರೆ ರಕ್ತನಾಳದೊಳಗೆ ಕೂರಿಸುವ ಲೋಹದ ಜಾಲರಿ. ಅದರಲ್ಲಿ ರಕ್ತ ಹೆಪ್ಪುಗಟ್ಟಬಾರದು ಅಂತ ಆಸ್ಪಿರಿನ್, ಕ್ಲೊಪಿಡೊಗ್ರೆಲ್ ಥರದ ಎರಡು ಮಾತ್ರೆ ಕೊಡ್ತಾರೆ. ಹೃದಯಾಘಾತ ಆದವರಿಗೆ ಸಾಮಾನ್ಯವಾಗಿ ಒಂದು ವರ್ಷ ಎರಡೂ ಬೇಕು. ಮೊದಲ ತಿಂಗಳುಗಳಲ್ಲೇ ನಿಲ್ಲಿಸಿದ್ರೆ ಸ್ಟೆಂಟೇ ಕಟ್ಟಿಕೊಂಡು ಜೀವ ಹೋಗಬಹುದು. ಇನ್ನು ಆಯುಷ್ಮಾನ್ ಪ್ಯಾಕೇಜಿನಲ್ಲಿ ಡಿಸ್ಚಾರ್ಜ್ ನಂತರದ ಔಷಧ ಎಷ್ಟು ದಿನಕ್ಕೆ ಗೊತ್ತಾ? 15 ದಿನಕ್ಕೆ.

ಹದಿನಾರನೇ ದಿನ ಆತನಿಗೆ ಎದೆನೋವಿಲ್ಲ. ಆರಾಮ ಅದೀನಿ, ಗುಳಿಗಿ ಯಾಕ ಬೇಕು ಅಂತಾನೆ. ಮುಂದೆ ಏನು ಮಾಡಬೇಕು ಅನ್ನೋದು ಡಿಸ್ಚಾರ್ಜ್ ಚೀಟಿಯಲ್ಲಿದೆ, ಇಂಗ್ಲಿಷಿನಲ್ಲಿ! ಮತ್ತೆ ಕಲಬುರಗಿಗೆ ಹೋಗಬೇಕಂದ್ರೆ ಶಕ್ತಿ ಯೋಜನೆಯಲ್ಲಿ ಹೆಂಡತಿಗೆ ಟಿಕೆಟ್ ಇಲ್ಲ, ರೋಗಿಗೆ ಇದೆ. ಇಬ್ಬರದೂ ಒಂದು ದಿನದ ಕೂಲಿ ಹೋಯ್ತು. 2025–26ರ ನರೇಗಾ ದರ 370 ರೂಪಾಯಿ ಹಿಡಿದ್ರೂ 740. ಊಟ, ಆಟೊ ಬೇರೆ. ಫಾಲೋ-ಅಪ್‌ಗೆ ಬರಲ್ಲ, ಇವರಿಗೆ ತಿಳಿವಳಿಕೆ ಇಲ್ಲ ಅಂತ ಹೇಳೋದು ಸುಲಭ. ಆತನ ಲೆಕ್ಕ ಸರಿಯಾಗೇ ಇದೆ ಸ್ವಾಮಿ.

ನಿಮ್ಮ ಬೈಕ್ ಸರ್ವಿಸ್‌ಗೆ ಬಂದ್ರೆ ಶೋರೂಮಿನವರು ಬಿಡದೆ ಫೋನ್ ಮಾಡ್ತಾರೆ. ಸರ್ಕಾರಿ ದುಡ್ಡಿನಲ್ಲಿ ರಿಪೇರಿಯಾದ ಹೃದಯಕ್ಕೆ ಒಂದು ಫೋನ್ ಇಲ್ಲ.

ಆಗಲ್ಲ ಅನ್ನೋರಿಗೆ ಟಿಬಿ ತೋರಿಸ್ತೀನಿ. ಸಾಮಾನ್ಯ ಟಿಬಿಗೆ ಆರು ತಿಂಗಳು ಮಾತ್ರೆ. ಪ್ರತಿ ರೋಗಿಯ ಹೆಸರು ನಿಕ್ಷಯ್ ಪೋರ್ಟಲ್‌ನಲ್ಲಿ ಇರುತ್ತೆ, ಔಷಧ ಉಚಿತ, ತಪ್ಪಿಸಿದ್ರೆ ಮನೆಗೇ ಹುಡುಕಿಕೊಂಡು ಬರೋ ವ್ಯವಸ್ಥೆ ಇದೆ. ಪೌಷ್ಟಿಕ ಆಹಾರಕ್ಕೆ ತಿಂಗಳಿಗೆ 500 ಇದ್ದದ್ದು 2024ರ ನವೆಂಬರ್‌ನಿಂದ 1000 ರೂಪಾಯಿ ಆಗಿದೆ. ದೋಷಗಳಿವೆ, ಆದರೂ ರೋಗಿ ಕಳೆದುಹೋದ್ರೆ ಯಾರನ್ನ ಕೇಳಬೇಕು ಅಂತ ಗೊತ್ತಿರುತ್ತೆ. ಸ್ಟೆಂಟ್ ಹಾಕಿಸ್ಕೊಂಡವನು ಕಳೆದುಹೋದ್ರೆ ಯಾರನ್ನ ಕೇಳೋಣ?

ಕೋಲಾರದಿಂದ 2024ರಲ್ಲಿ ಶುರುವಾದ ಗೃಹ ಆರೋಗ್ಯ ಯೋಜನೆಯಲ್ಲಿ ಬಿಪಿ, ಶುಗರ್ ನೋಡೋಕೆ ಸಿಬ್ಬಂದಿ ಮನೆಬಾಗಿಲಿಗೇ ಹೋಗ್ತಾರೆ. ಡಿಸ್ಚಾರ್ಜ್ ಆದ ದಿನವೇ ಆ ರೋಗಿಯ ವಿವರ ಅವರ ಕೈಗೆ ಸಿಗಲಿ. ಕನ್ನಡದಲ್ಲಿ ಒಂದು ಪುಟದ ಚೀಟಿ ಇರಲಿ. ಎರಡೂ ಮಾತ್ರೆ ಊರಿನ ಪಿಎಚ್‌ಸಿಯಲ್ಲೇ ಸಿಗಲಿ. ಆದರೆ ಈ ಕೆಲಸವನ್ನೂ ಆಶಾ ತಾಯಂದಿರ ತಲೆಗೆ ಪುಕ್ಕಟೆಯಾಗಿ ಕಟ್ಟೋದು ಬೇಡ. 2025ರ ಜನವರಿ ಚಳಿಯಲ್ಲಿ ಫ್ರೀಡಂ ಪಾರ್ಕಿನಲ್ಲಿ ಅವರು ಯಾಕೆ ಮಲಗಿದ್ರು ಅಂತ ನೆನಪಿರಲಿ. ಕೆಲಸ ಹೇಳೋರು ದುಡ್ಡೂ ಕೊಡಿ.

ನಿಮ್ಮ ಮನೆಯಲ್ಲಿ ಸ್ಟೆಂಟ್ ಹಾಕಿಸ್ಕೊಂಡವರಿದ್ರೆ ಈಗಲೇ ಎದ್ದು ಮಾತ್ರೆ ಎಷ್ಟು ಉಳಿದಿದೆ ಎಣಿಸಿ. ಖಾಲಿಯಾಗ್ತಾ ಬಂದಿದ್ರೆ ನಾಳೆ ಬೆಳಿಗ್ಗೆನೇ ಚೀಟಿ ಹಿಡ್ಕೊಂಡು ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಹೋಗಿ. ಡಾಕ್ಟರ್ ಹೇಳದೆ ನಿಲ್ಲಿಸಬೇಡಿ.