ನೆಲದಡಿಯ ರೈಲಿನ ಖರ್ಚು ಯಾರ ತಲೆಗೆ?

(ಗಿರಣಿ ಕಾರ್ಮಿಕರ ಹಾಗೂ ಸಣ್ಣ ವರ್ತಕರ ಕೂಡುಸಭೆಯಲ್ಲಿ ಮಾಡಿದ ಭಾಷಣ)



ನಮ್ಮ ಊರಿನಲ್ಲಿ ನೆಲದಡಿಯ ರೈಲು ಇಲ್ಲ. ನೆಲದ ಮೇಲಿನ ಬಸ್ಸೇ ಹೊತ್ತಿಗೆ ಸರಿಯಾಗಿ ಬರುವುದಿಲ್ಲ. ಹೀಗಿರುವಾಗ ಬೆಂಗಳೂರಿನ ಮೆಟ್ರೋ ಮಾತು ಇಲ್ಲಿಗೇಕೆ ಎಂದು ಕೆಲವರು ಕೇಳಬಹುದು. ಕೇಳುವವರು ತಮ್ಮ ಕೇರಿಯ ಮನೆಗಳನ್ನು ಒಮ್ಮೆ ಎಣಿಸಿ ನೋಡಲಿ. ಗಿರಣಿಯ ಪಾಳಿಗಳು ಕಡಿಮೆಯಾದ ಮೇಲೆ ಯಾವ ಮನೆಯ ಹುಡುಗ ಪೀಣ್ಯಕ್ಕೆ ಹೋಗಿಲ್ಲ? ಯಾವ ಮನೆಯ ಹುಡುಗಿ ಬೊಮ್ಮಸಂದ್ರದ ಕಡೆ ಗಾರ್ಮೆಂಟ್ಸಿಗೆ ಸೇರಿಲ್ಲ? ಅಂಗಡಿಕಾರ ಬಂಧುಗಳಲ್ಲಿ ಚಿಕ್ಕಪೇಟೆಯ ಮಾಲು ತರಲು ರಾತ್ರಿ ಬಸ್ಸು ಹತ್ತದವರು ಯಾರಿದ್ದಾರೆ? ಆ ರೈಲಿನಲ್ಲಿ ಒಂಟಿ ಕಾಲಿನ ಮೇಲೆ ನಿಂತು ಹೋಗುವವರು ನಮ್ಮವರೇ. ಆದ್ದರಿಂದ ಆ ಮಾತು ನಮ್ಮದೂ ಹೌದು.

ಹಬ್ಬಕ್ಕೆ ಊರಿಗೆ ಬಂದವರು ಹೇಳುವ ಪಾಡು ಎಲ್ಲರದೂ ಒಂದೇ. ಬೆಳಿಗ್ಗೆ ಮೆಜೆಸ್ಟಿಕ್ಕಿನಲ್ಲಿ ಕೆಳಗಿಳಿದರೆ ಚೀಲದ ತಪಾಸಣೆಗೆ ಒಂದು ಸಾಲು, ಟಿಕೀಟಿಗೆ ಒಂದು ಸಾಲು, ಗೇಟಿಗೆ ಇನ್ನೊಂದು. ಹಸಿರು ಮಾರ್ಗದಿಂದ ಇಳಿದು ನೇರಳೆ ಮಾರ್ಗಕ್ಕೆ ಓಡುವವರು ಒಂದು ಕಡೆ, ಆ ಕಡೆಯಿಂದ ಈ ಕಡೆಗೆ ಬರುವವರು ಎದುರಿಗೆ. ಗಾಡಿ ಬಂದು ನಿಂತರೆ ಒಳಗಿನವರಿಗೆ ಇಳಿಯಲು ಆಗದು, ಹೊರಗಿನವರಿಗೆ ಹತ್ತಲು ಆಗದು. ಒಂದನ್ನು ಬಿಟ್ಟು, ಎರಡನ್ನು ಬಿಟ್ಟು, ಮೂರನೆಯದಕ್ಕೆ ಹೇಗೋ ನುಗ್ಗಿದರೆ ಊಟದ ಡಬ್ಬಿ ಯಾರದೋ ಬೆನ್ನಿಗೆ ಒತ್ತಿಕೊಂಡಿರುತ್ತದೆ. ಹೆಣ್ಣುಮಕ್ಕಳ ಪಾಡನ್ನು ನಾನು ಬಾಯಿಬಿಟ್ಟು ಹೇಳಬೇಕಾಗಿಲ್ಲ. ಇಷ್ಟಾಗಿ ಹತ್ತು ನಿಮಿಷ ತಡವಾಯಿತೆಂದರೆ ಕೆಲಸದ ಕಡೆ ಸಂಬಳಕ್ಕೆ ಕತ್ತರಿ.

ರೈಲು ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ, ತಪ್ಪು ತಿಳಿಯಬೇಡಿ. 2011ರ ಅಕ್ಟೋಬರ್ 20ರಂದು ಬೈಯಪ್ಪನಹಳ್ಳಿಯಿಂದ ಮಹಾತ್ಮಾ ಗಾಂಧಿ ರಸ್ತೆಗೆ ಮೊದಲ ಗಾಡಿ ಹೊರಟಿತು. 2016ರ ಏಪ್ರಿಲ್‌ನಲ್ಲಿ ಕಬ್ಬನ್ ಪಾರ್ಕಿನಿಂದ ಸಿಟಿ ರೈಲ್ವೆ ನಿಲ್ದಾಣದವರೆಗಿನ ಸುರಂಗ ತೆರೆಯಿತು. ವಿಧಾನಸೌಧದ ಮಗ್ಗುಲಿನ ಬಂಡೆಯನ್ನು ಕೊರೆದು ದಾರಿ ಮಾಡಿದವರು ಎಲ್ಲಿಂದಲೋ ಬಂದ ಕೂಲಿಕಾರರು. ಅದು ದುಡಿಯುವ ಜನ ತಲೆಯೆತ್ತಿ ನೋಡಬೇಕಾದ ಕೆಲಸ. ಒಳ್ಳೆಯ ವಸ್ತುವಾದ್ದರಿಂದಲೇ ಅದು ಯಾರಿಗೆ ಸಲ್ಲುತ್ತಿದೆ, ಯಾರ ಜೇಬಿನಿಂದ ನಡೆಯುತ್ತಿದೆ ಎಂದು ಕೇಳುವ ಹಕ್ಕು ನಮಗಿದೆ.

ದಿನದಿನದ ಈ ಪೇಚು ಆಕಾಶದಿಂದ ಬಿದ್ದದ್ದಲ್ಲ. ಪ್ರತಿಯೊಂದರ ಹಿಂದೆಯೂ ಯಾರೋ ಮೇಜಿನ ಮುಂದೆ ಕೂತು ಮಾಡಿದ ತೀರ್ಮಾನ ಇದೆ. 2023ರ ಮಾರ್ಚ್‌ನಲ್ಲಿ ವೈಟ್‌ಫೀಲ್ಡಿನಿಂದ ಕೃಷ್ಣರಾಜಪುರದವರೆಗೆ ರೈಲು ಬಿಟ್ಟರು. ಬೈಯಪ್ಪನಹಳ್ಳಿಯವರೆಗಿನ ಉಳಿದ ತುಂಡು ಮುಗಿದಿರಲಿಲ್ಲ. ಅಲ್ಲಿಂದ ಅಕ್ಟೋಬರ್‌ವರೆಗೆ ಜನ ಒಂದು ರೈಲಿನಿಂದ ಇಳಿದು, ಬಸ್ಸು ಹತ್ತಿ, ಮತ್ತೆ ಇನ್ನೊಂದು ರೈಲು ಹಿಡಿದರು. 2025ರ ಆಗಸ್ಟ್ 10ರಂದು ಬೊಮ್ಮಸಂದ್ರಕ್ಕೆ ಹಳದಿ ಮಾರ್ಗದ ಉದ್ಘಾಟನೆಯಾಯಿತು. ಹದಿನಾರು ನಿಲ್ದಾಣ, 19 ಕಿಲೋಮೀಟರ್ ಹಳಿ, ಓಡಿಸಲು ಮೂರೇ ಗಾಡಿ! ಒಂದು ತಪ್ಪಿದರೆ ಮುಂದಿನದಕ್ಕೆ 25 ನಿಮಿಷ ಕಾಯಬೇಕು. ಆಮೇಲೆ ಗಾಡಿಗಳು ಒಂದೊಂದಾಗಿ ಬಂದು ಸೇರಿದವು, ಕಾಯುವುದು ಕಡಿಮೆಯಾಯಿತು, ನಿಜ. ಆದರೆ ಕಾರ್ಖಾನೆಗಳ ಸಾಲಿಗೆ ಹೋಗುವ ಮಾರ್ಗಕ್ಕೇ ಗಾಡಿ ಸಾಲದೆ ಹೋದದ್ದನ್ನು ಗಮನಿಸಿ. ಆ ಮಾರ್ಗದ ಕೆಲವು ನಿಲ್ದಾಣಗಳಿಗೆ ಹಣ ಕೊಟ್ಟ ಕಂಪೆನಿಗಳ ಹೆಸರು ಸೇರಿಸಿದ್ದಾರೆ. ದಿನವೂ ದುಡ್ಡು ಕೊಟ್ಟು ಹೋಗುವವನ ಹೆಸರನ್ನು ಯಾವ ಕಂಬಕ್ಕೂ ಬರೆದಿಲ್ಲ. ಇರಲಿ.

ಈಗ ದರದ ಮಾತಿಗೆ ಬರುತ್ತೇನೆ. 2025ರ ಫೆಬ್ರುವರಿ 9ರಂದು ಅತಿ ಹೆಚ್ಚಿನ ದರ 60 ರೂಪಾಯಿಯಿಂದ 90ಕ್ಕೆ ಏರಿತು. ನಡುವಿನ ಕೆಲವು ದೂರಗಳಿಗೆ ದುಪ್ಪಟ್ಟಿನ ಹತ್ತಿರ ಹೋಯಿತು. ಜನ ಕೂಗೆಬ್ಬಿಸಿದ ಮೇಲೆ ಐದೇ ದಿನದಲ್ಲಿ, ಯಾವ ಏರಿಕೆಯೂ ನೂರಕ್ಕೆ 71ನ್ನು ಮೀರದಂತೆ ಸರಿಪಡಿಸಿದೆವು ಎಂದರು. ನೂರಕ್ಕೆ 71 ಏರಿಸಿ ಅದನ್ನು ರಿಯಾಯಿತಿ ಎಂದು ಕರೆಯುವ ವ್ಯಾಪಾರವನ್ನು ನಮ್ಮ ಊರಿನ ಅಂಗಡಿಯವರು ಮಾಡಿದ್ದರೆ ಗಿರಾಕಿ ತಿರುಗಿ ಬರುತ್ತಿರಲಿಲ್ಲ.

1963ರಲ್ಲಿ ಲೋಕಸಭೆಯಲ್ಲಿ ಡಾಕ್ಟರ್ ಲೋಹಿಯಾ ಅವರು, ಈ ದೇಶದ 27 ಕೋಟಿ ಜನ ದಿನಕ್ಕೆ ಮೂರಾಣೆಯ ಮೇಲೆ ಬದುಕುತ್ತಿದ್ದಾರೆಂದು ಲೆಕ್ಕ ಮುಂದಿಟ್ಟು ಸರ್ಕಾರವನ್ನು ಕೇಳಿದರು. ನಾವೂ ಆಣೆ ಪೈಸೆಯ ಲೆಕ್ಕವನ್ನೇ ಹಿಡಿಯೋಣ. ಹೋಗಲು 90, ಬರಲು 90, ದಿನಕ್ಕೆ 180. ತಿಂಗಳಿಗೆ 26 ದಿನದ ಕೆಲಸವಾದರೆ 4,680 ರೂಪಾಯಿ. ಕಾರ್ಡಿನವರಿಗೆ ನೂರಕ್ಕೆ ಐದು ಬಿಡುತ್ತಾರೆ. ಅದನ್ನು ಕಳೆದರೂ 4,446. ಹದಿನೆಂಟು ಸಾವಿರ ಸಂಬಳದವನಿಗೆ ಇದು ಹೆಚ್ಚುಕಡಿಮೆ ಕಾಲುಭಾಗ. ನಿಲ್ದಾಣದಿಂದ ಮನೆಯವರೆಗಿನ ಆಟೋ ಇದರಲ್ಲಿ ಸೇರಿಲ್ಲ. ಊರ ಹೊರಗೆ ಬಾಡಿಗೆ ಕಡಿಮೆಯೆಂದು ಅಲ್ಲಿ ಮನೆ ಮಾಡಿದವನೇ ಹೆಚ್ಚು ದೂರ ಬರಬೇಕು. ಬಾಡಿಗೆಯಲ್ಲಿ ಉಳಿಸಿದ್ದನ್ನು ರೈಲಿಗೆ ತೆರುತ್ತಾನೆ.

ದುಡ್ಡಿನ ಲೆಕ್ಕ ಎಲ್ಲರೂ ಹಾಕುತ್ತಾರೆ, ಹೊತ್ತಿನ ಲೆಕ್ಕ ಹಾಕುವವರಿಲ್ಲ. ಮನೆಯ ಬಾಗಿಲಿನಿಂದ ಕೆಲಸದ ಬಾಗಿಲಿಗೆ ಒಂದೂವರೆ ಗಂಟೆ ಎಂದುಕೊಳ್ಳಿ; ಬೆಂಗಳೂರಿನಲ್ಲಿ ಅದು ಏನೂ ದೊಡ್ಡ ಮಾತಲ್ಲ. ಹೋಗಿಬರಲು ದಿನಕ್ಕೆ ಮೂರು ಗಂಟೆ, ತಿಂಗಳಿಗೆ 78 ಗಂಟೆ. ಎಂಟು ಗಂಟೆಯ ಪಾಳಿಯಂತೆ ಭಾಗಿಸಿದರೆ ಹತ್ತು ಪಾಳಿಗೆ ಒಂದಿಷ್ಟು ಕಡಿಮೆ. ತಿಂಗಳಿಗೆ ಹತ್ತು ಪಾಳಿ ಸಂಬಳವಿಲ್ಲದ ದುಡಿಮೆ. ಅದರ ಮೇಲೆ ಆ ದುಡಿಮೆಗೆ ನಾವೇ ದುಡ್ಡು ಕೊಡಬೇಕು! ಎಂಟು ಗಂಟೆಯ ದಿನಕ್ಕಾಗಿ ನಮ್ಮ ಹಿರಿಯರು ಲಾಠಿ ತಿಂದರು. ಗೇಟಿನೊಳಗೆ ಗೆದ್ದದ್ದು ಗೇಟಿನ ಹೊರಗೆ ಹೀಗೆ ಸೋರಿಹೋಗುತ್ತಿದೆ.

ದರ ಏರಿಸಿದವರು ಯಾರು? ಕೇಂದ್ರದ ಕಡೆಯವರು ರಾಜ್ಯದತ್ತ ಬೆರಳು ತೋರಿಸಿದರು, ರಾಜ್ಯದವರು ಕೇಂದ್ರದತ್ತ ತೋರಿಸಿದರು. ಮೆಟ್ರೋ ನಿಗಮ ಇಬ್ಬರಿಗೂ ಸಮಪಾಲಿನ ಆಸ್ತಿ. 2002ರ ಮೆಟ್ರೋ ಕಾನೂನಿನ ಪ್ರಕಾರ ದರ ಗೊತ್ತುಮಾಡುವುದು ಒಂದು ಸಮಿತಿ. ನ್ಯಾಯಾಧೀಶರ ಮಟ್ಟದ ಒಬ್ಬ ಅಧ್ಯಕ್ಷರು, ಕೇಂದ್ರ ಕಳುಹಿಸಿದ ಒಬ್ಬರು, ರಾಜ್ಯ ಕಳುಹಿಸಿದ ಒಬ್ಬರು. ಅವರ ಶಿಫಾರಸನ್ನು ನಿಗಮ ಒಪ್ಪಿಕೊಳ್ಳಲೇಬೇಕು. ಇಬ್ಬರ ಮನುಷ್ಯರೂ ಒಳಗೆ ಕೂತಿದ್ದರು, ಹೊರಗೆ ಬಂದು ಇಬ್ಬರೂ ಕೈತೊಳೆದುಕೊಂಡರು. ಆ ಮೂರು ಕುರ್ಚಿಗಳಲ್ಲಿ ಟಿಕೀಟು ಕೊಂಡು ಹೋಗುವವನಿಗೆಂದು ಕಾನೂನು ಇಟ್ಟ ಕುರ್ಚಿ ಒಂದೂ ಇಲ್ಲ.

ನಷ್ಟವಾಗುತ್ತದೆ, ಸಾಲ ತೀರಿಸಬೇಕು, ಏರಿಸದೆ ವಿಧಿಯಿಲ್ಲ ಎಂಬುದು ಅವರ ವಾದ. ಈ ವಾದ ಹಳೆಯದು. ನಮಗಿಂತ ನೂರು ವರ್ಷ ಮೊದಲೇ ಇದನ್ನು ಕೇಳಿದ ಊರೊಂದಿದೆ. ಅಮೆರಿಕದ ನ್ಯೂಯಾರ್ಕ್ ನಗರದ ಕತೆಯನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳುತ್ತೇನೆ, ಬೇಸರಪಡಬಾರದು.

ಅಲ್ಲಿ ನೆಲದಡಿಯ ರೈಲು ಶುರುವಾದದ್ದು 1904ರ ಅಕ್ಟೋಬರ್ 27ರಂದು. ಸುರಂಗ ತೋಡಲು ಹಣ ಒದಗಿಸಿದ್ದು ನಗರ, ಓಡಿಸಿ ಲಾಭ ಎಣಿಸಿದ್ದು ಬೆಲ್ಮಾಂಟ್ ಎಂಬ ಸಾಹುಕಾರನ ಕಂಪೆನಿ. ಎಷ್ಟು ದೂರ ಹೋದರೂ ಟಿಕೀಟು ಐದು ಸೆಂಟು. 1913ರ ಕರಾರಿನಲ್ಲಿ ಆ ದರವನ್ನೇ ಕಟ್ಟಿಹಾಕಿದರು. ಮೊದಲ ಮಹಾಯುದ್ಧ ಬಂದು ಎಲ್ಲದರ ಬೆಲೆ ಏರಿತು; ಕಂಪೆನಿಗಳು ದರ ಹೆಚ್ಚಿಸಿ ಎಂದು ಕೂಗಿದವು. ಐದು ಸೆಂಟಿಗೆ ಕೈ ಹಚ್ಚಿದವನು ಚುನಾವಣೆಯಲ್ಲಿ ಸೋಲುತ್ತಾನೆಂದು ಮುಖಂಡರಿಗೆ ಗೊತ್ತಿತ್ತು. ಹೈಲನ್ ಎಂಬ ಮೇಯರು ಆ ನಾಣ್ಯವನ್ನೇ ಬಾವುಟ ಮಾಡಿಕೊಂಡು ರಾಜಕೀಯ ನಡೆಸಿದ. ಕೊನೆಗೆ 1940ರಲ್ಲಿ ನಗರವೇ ಖಾಸಗಿ ಕಂಪೆನಿಗಳನ್ನು ಕೊಂಡುಕೊಂಡಿತು.

ಸಾರ್ವಜನಿಕ ಒಡೆತನ ಬಂತು, ಕಷ್ಟ ಮುಗಿಯಿತು ಎಂದು ಚಪ್ಪಾಳೆ ತಟ್ಟುವ ಆಸೆ ಸಮಾಜವಾದಿಗಳಾದ ನಮಗಾಗುತ್ತದೆ. ಮುಗಿಯಲಿಲ್ಲ. 1948ರಲ್ಲಿ ಐದು ಸೆಂಟು ಹತ್ತಾಯಿತು, 1953ರಲ್ಲಿ ಹದಿನೈದಾಯಿತು. ಅದೇ ವರ್ಷ ರೈಲನ್ನು ಒಂದು ಪ್ರಾಧಿಕಾರಕ್ಕೆ ಒಪ್ಪಿಸಿ, ಓಡಿಸುವ ಖರ್ಚನ್ನು ಟಿಕೀಟಿನ ಹಣದಲ್ಲೇ ಹುಟ್ಟಿಸಿಕೊಳ್ಳಬೇಕೆಂದು ವಿಧಿಸಿದರು. ಒಡೆತನ ಜನರದು, ಲೆಕ್ಕ ಮಾತ್ರ ಸಾಹುಕಾರನದು! ಖರ್ಚು ತಗ್ಗಿಸಲು ರಿಪೇರಿಯನ್ನು ಮುಂದೆ ಹಾಕಿದರು. 1970ರ ದಶಕದ ಹೊತ್ತಿಗೆ ಗಾಡಿಗಳು ನಡುದಾರಿಯಲ್ಲಿ ನಿಲ್ಲುವುದು, ಬಾಗಿಲು ತೆರೆಯದಿರುವುದು ಮಾಮೂಲಾಯಿತು. ಆಮೇಲೆ ಹಣ ಸುರಿದು ಕೆಲವು ಕಾಲ ಚೇತರಿಸಿಕೊಂಡರೂ, 2017ರ ಜೂನ್‌ನಲ್ಲಿ ಆ ರಾಜ್ಯದ ಗವರ್ನರು ರೈಲಿನ ಸ್ಥಿತಿಯನ್ನು ತುರ್ತುಪರಿಸ್ಥಿತಿ ಎಂದೇ ಸಾರಬೇಕಾಯಿತು. ಆ ಹೊತ್ತಿನಲ್ಲೂ ಕೆಲವು ಕಡೆ ಗಾಡಿಗಳಿಗೆ ದಾರಿ ತೋರುತ್ತಿದ್ದದ್ದು 1930ರ ದಶಕದ ಸಿಗ್ನಲ್ ಯಂತ್ರಗಳು. ಜಗತ್ತಿನ ಬಡ್ಡಿ ವ್ಯವಹಾರದ ರಾಜಧಾನಿಯಲ್ಲಿ ಅಜ್ಜನ ಕಾಲದ ಯಂತ್ರ!

ದರವನ್ನು ಕೆಳಗೆ ಹಿಡಿದವರೂ ಏರಿಸಿದವರೂ ಮುಖ್ಯ ಪ್ರಶ್ನೆಯನ್ನು ಬಿಟ್ಟುಬಿಟ್ಟಿದ್ದರು. ರೈಲಿನಿಂದ ಲಾಭ ಯಾರಿಗೆಲ್ಲ? ಹತ್ತಿ ಹೋಗುವವನಿಗೊಬ್ಬನಿಗೇ ಅಲ್ಲ. ಕೆಲಸಗಾರ ಬಾಗಿಲಿಗೆ ಬಂದು ನಿಲ್ಲುವುದರಿಂದ ಮಾಲಿಕನಿಗೆ ಲಾಭ. ನಿಲ್ದಾಣದ ಮಗ್ಗುಲಿನ ನಿವೇಶನದವನು ಕೂತಲ್ಲೇ ಸಾಹುಕಾರನಾಗುತ್ತಾನೆ. ‘ಮೆಟ್ರೋಗೆ ಐದೇ ನಿಮಿಷ’ ಎಂದು ಮನೆ ಮಾರುವವರ ಫಲಕಗಳನ್ನು ನೀವೂ ನೋಡಿರುತ್ತೀರಿ. ರಸ್ತೆ ಖಾಲಿಯಾದಷ್ಟೂ ಕಾರಿನವನಿಗೆ ಲಾಭ. ಇಷ್ಟು ಜನಕ್ಕೆ ಲಾಭವಾಗುವಾಗ ಖರ್ಚಿನ ಭಾರ ಟಿಕೀಟಿನವನ ತಲೆಯ ಮೇಲೇ ಏಕೆ ಬೀಳಬೇಕು? ನ್ಯೂಯಾರ್ಕಿನವರು ಇದನ್ನು ತಡವಾಗಿಯಾದರೂ ಕಂಡುಕೊಂಡರು. 2025ರ ಜನವರಿ 5ರಿಂದ ಊರಿನ ನಡುಭಾಗಕ್ಕೆ ದಟ್ಟಣೆಯ ಹೊತ್ತಿನಲ್ಲಿ ಬರುವ ಕಾರಿಗೆ 9 ಡಾಲರ್ ಸುಂಕ ಹಾಕಿದರು. ಆ ಹಣ ರೈಲು ಬಸ್ಸುಗಳ ಸುಧಾರಣೆಗೆ. ಕಾರಿನವರು ಕೋರ್ಟಿಗೆ ಹೋದರು, ದೆಹಲಿಯಂತೆ ಅವರಿಗೂ ಇರುವ ರಾಜಧಾನಿಯಿಂದ ಬೆದರಿಕೆ ಬಂತು. ಸುಂಕ ಆ ವರ್ಷವೆಲ್ಲ ನಡೆಯಿತು. ನಮ್ಮ ಸರ್ಕಾರಕ್ಕೂ ದಾರಿ ಗೊತ್ತಿಲ್ಲದೆ ಇಲ್ಲ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳು ಸರ್ಕಾರಿ ಸಾಮಾನ್ಯ ಬಸ್ಸಿನಲ್ಲಿ ಟಿಕೀಟಿಲ್ಲದೆ ಹೋಗುವಂತಾಯಿತು. ಖರ್ಚನ್ನು ಖಜಾನೆ ಹೊತ್ತಿತು. ಬಸ್ಸಿಗೆ ಸಲ್ಲುವ ನ್ಯಾಯ ರೈಲಿಗೆ ಏಕೆ ಸಲ್ಲದು?

ದುಡ್ಡಿನಷ್ಟೇ ದೊಡ್ಡದಾದ ಇನ್ನೊಂದು ಮಾತಿದೆ. 2024ರ ಫೆಬ್ರುವರಿಯಲ್ಲಿ ರಾಜಾಜಿನಗರದ ನಿಲ್ದಾಣದಲ್ಲಿ ಒಬ್ಬ ರೈತರನ್ನು ಬಟ್ಟೆ ಕೊಳೆಯಾಗಿದೆ ಎಂದು ಒಳಗೆ ಬಿಡಲಿಲ್ಲ. ತಲೆಯ ಮೇಲೆ ಗಂಟು, ಕೈಯಲ್ಲಿ ಟಿಕೀಟು. ಪಕ್ಕದ ಪ್ರಯಾಣಿಕರು ನಿಂತು ಜಗಳವಾಡಿ ಅವರನ್ನು ಕರೆದುಕೊಂಡು ಹೋದರು. ಅವರಿಗೆ ಈ ಸಭೆಯ ವಂದನೆ ಸಲ್ಲಬೇಕು. ಸುದ್ದಿ ಹರಡಿದ ಮೇಲೆ ಕಾವಲಿನ ಮೇಲ್ವಿಚಾರಕನೊಬ್ಬನನ್ನು ಕೆಲಸದಿಂದ ತೆಗೆದರು. ತೆಗೆದದ್ದು ಸರಿಯೇ ಇರಬಹುದು. ಆದರೆ ಆತನೂ ಸಂಬಳಕ್ಕೆ ನಿಂತವನು. ಮಣ್ಣು ಮೆತ್ತಿದ ಬಟ್ಟೆ ಈ ರೈಲಿನದಲ್ಲ ಎಂಬ ಭಾವನೆ ಅವನ ತಲೆಯಲ್ಲಿ ತಾನಾಗಿ ಹುಟ್ಟಿತೇ? ಅಮೃತಶಿಲೆಯಂಥ ನೆಲ, ಹೊಳೆಯುವ ಗಾಜು, ಗಂಟಿನ ಅಳತೆ ಮೀರಿದರೆ ಬೇರೆ ದುಡ್ಡು. ಚಿಕ್ಕಪೇಟೆಯಲ್ಲಿ ಇಳಿದು ಬಟ್ಟೆಯ ಬಂಡಲು ಹೊತ್ತು ಬರುವ ನಮ್ಮ ವರ್ತಕ ಬಂಧುಗಳಿಗೆ ಇದರ ಅನುಭವ ಇದೆ. ಪೇಟೆಯ ಅಡಿಯಲ್ಲೇ ರೈಲು ಹೋಗುತ್ತದೆ, ಪೇಟೆಯ ಮೂಟೆಗೆ ಅದರಲ್ಲಿ ಜಾಗ ಕಷ್ಟ.

ಇದೇ ಕಾರಣಕ್ಕೆ ನಮ್ಮ ಹುಡುಗರಿಗೆ ಒಂದು ಕಿವಿಮಾತು. ಗಾಡಿ ತಡವಾದಾಗ ಟಿಕೀಟು ಕೊಡುವ ಹುಡುಗಿಯ ಮೇಲೋ ಕಸ ಗುಡಿಸುವವನ ಮೇಲೋ ಕೂಗಾಡಬೇಡಿ. ನ್ಯೂಯಾರ್ಕಿನಲ್ಲಿ ರೈಲಿನ ಕೆಲಸಗಾರರು 1934ರಲ್ಲಿ ಸಂಘ ಕಟ್ಟಿದರು. 1966ರ ಜನವರಿ 1ರಿಂದ ಹನ್ನೆರಡು ದಿನ ಇಡೀ ನಗರದ ರೈಲು ಬಸ್ಸು ನಿಲ್ಲಿಸಿದರು. ಅವರ ಮುಖಂಡ ಮೈಕ್ ಕ್ವಿಲ್ ಮುಷ್ಕರ ಕೂಡದೆಂಬ ಕೋರ್ಟಿನ ಆಜ್ಞೆಯನ್ನು ಹರಿದುಹಾಕಿ ಜೈಲಿಗೆ ಹೋದ. ಕಾಯಿಲೆಯ ಮನುಷ್ಯ, ಕೂಲಿ ಏರಿಕೆ ಗೆದ್ದ ಕೆಲವೇ ದಿನಕ್ಕೆ, ಅದೇ ತಿಂಗಳು 28ರಂದು ತೀರಿಕೊಂಡ. ಆ ಹನ್ನೆರಡು ದಿನ ಊರಿನ ಜನ ಮೈಲಿಗಟ್ಟಲೆ ನಡೆದು ಕೆಲಸಕ್ಕೆ ಹೋದರು, ಬೈದುಕೊಂಡೇ ಹೋದರು. ಓಡಿಸುವವರೂ ಹತ್ತುವವರೂ ಬೇರೆ ಬೇರೆಯಾಗಿ ನಿಂತರೆ ಮೂರನೆಯವನಿಗೆ ನೆಮ್ಮದಿ.

ನಮ್ಮ ಬೇಡಿಕೆ ದೊಡ್ಡದೇನಲ್ಲ. ದರದ ಸಮಿತಿಯಲ್ಲಿ ಪ್ರಯಾಣಿಕರದೂ ಕೆಲಸಗಾರರದೂ ಒಂದೊಂದು ಕುರ್ಚಿ ಇರಬೇಕು, ಅದಕ್ಕೆ ಕಾನೂನು ತಿದ್ದಬೇಕು. ಸರ್ಕಾರಿ ರೈಲ್ವೆಯ ಸೀಸನ್ ಟಿಕೀಟಿನಂತೆ ದುಡಿಯುವವರಿಗೆ ಅಗ್ಗದ ತಿಂಗಳ ಪಾಸು ಬೇಕು. ನಿಲ್ದಾಣದ ಸುತ್ತ ಏರಿದ ಭೂಮಿಯ ಬೆಲೆಯಲ್ಲಿ ಒಂದು ಪಾಲು ರೈಲಿಗೆ ಬರಬೇಕು. ಪಾಳಿ ಬದಲಾಗುವ ಹೊತ್ತಿಗೆ ಕಾರ್ಖಾನೆಗಳ ಮಾರ್ಗದಲ್ಲಿ ಗಾಡಿ ಹೆಚ್ಚಿಸಬೇಕು.

ಮನವಿ ಬರೆಯುವ ಮೊದಲು ನಮ್ಮ ಕೈಯಲ್ಲಿ ನಮ್ಮದೇ ಲೆಕ್ಕ ಇರಬೇಕು. ಬೆಂಗಳೂರಿನಲ್ಲಿ ಮಕ್ಕಳು, ತಮ್ಮಂದಿರು ಇರುವವರೆಲ್ಲ ಅವರಿಗೆ ಹೇಳಿ, ಒಂದು ತಿಂಗಳ ಲೆಕ್ಕ ಬರೆಸಿ ತರಿಸಿ: ಮನೆ ಬಿಟ್ಟ ಹೊತ್ತು, ಕೆಲಸ ಮುಟ್ಟಿದ ಹೊತ್ತು, ಟಿಕೀಟಿಗೆ ಎಷ್ಟು, ಆಟೋಗೆ ಎಷ್ಟು, ಹತ್ತಲಾಗದೆ ಬಿಟ್ಟ ಗಾಡಿ ಎಷ್ಟು, ತಡವಾಗಿ ಕತ್ತರಿಸಿದ ಸಂಬಳ ಎಷ್ಟು. ವರ್ತಕರು ಗಂಟಿಗೆ ತೆತ್ತ ದುಡ್ಡನ್ನೂ ಬರೆಯಲಿ. ಬರೆಯಲು ಬಾರದವರು ಬಾಯಲ್ಲಿ ಹೇಳಿದರೆ ಸಾಕು, ಕಚೇರಿಯಲ್ಲಿ ಸಂಜೆ ಆರರ ಮೇಲೆ ಬರೆದುಕೊಳ್ಳುವವರು ಇರುತ್ತಾರೆ. ಬರುವ ತಿಂಗಳ ಸಭೆಗೆ ಆ ಚೀಟಿಗಳನ್ನು ತಪ್ಪದೆ ತನ್ನಿ.