ನಡೆಯೋರು ಮ್ಯಾಪಿಗೆ ಯಾಕೆ ಕಾಣಲ್ಲ? (ದಿಂಬಂನಲ್ಲಿ ಆಡಿದ ಮಾತು)

ಬಣ್ಣಾರಿಯಿಂದ ಹತ್ತಿದವರು 27 ತಿರುವು ದಾಟಿ ಬಂದಿದ್ದೀರಿ. ಆ ತಿರುವೆಲ್ಲ ಫೋನಿನ ಮ್ಯಾಪಿಗೆ ಗೊತ್ತು. ಆದ್ರೆ ಲಾರಿ ಬಂದಾಗ ನಡೆಯೋನು ಎಲ್ಲಿ ಸರಿದು ನಿಲ್ಲಬೇಕು ಅಂತ ಕೇಳಿ, ಗೊತ್ತಿಲ್ಲ. ಮ್ಯಾಪು ಬೆಳೆದಿದ್ದೇ ವಾಹನದವರಿಗಾಗಿ. ನಾವು ಕೆಲಸಕ್ಕೆ, ಓದಿಗೆ ಬೆಂಗಳೂರು, ಮೈಸೂರು, ಕೊಯಮತ್ತೂರಿಗೆ ಹೋದ್ರೂ ಅಲ್ಲಿ ನಡೆಯೋರೇ. ಅದಕ್ಕೇ ಇವತ್ತು ಫುಟ್‌ಪಾತಿನ ಮಾತು.

ಈಗ ಫುಟ್‌ಪಾತನ್ನ ಎಐ ಕೈಲಿ ಗುರುತು ಮಾಡಿಸ್ತಿದ್ದಾರೆ. ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾಲಯದ ‘ಪ್ರಾಜೆಕ್ಟ್ ಸೈಡ್‌ವಾಕ್’ನಲ್ಲಿ ಸಾಮಾನ್ಯ ಜನ ಬೀದಿ ಫೋಟೊ ನೋಡಿ, ಇಲ್ಲಿ ಗಾಲಿಕುರ್ಚಿಗೆ ಇಳಿಜಾರಿದೆ, ಇಲ್ಲಿಲ್ಲ, ಇಲ್ಲಿ ಕಂಬ ಅಡ್ಡ ಇದೆ ಅಂತ ಗುರುತು ಹಾಕ್ತಾರೆ. ಅದರಿಂದ ಯಂತ್ರ ಕಲಿಯುತ್ತೆ. ಒಳ್ಳೇ ಕೆಲಸವೇ. ಆದ್ರೆ ಅಲ್ಲಿ ಕಲಿತದ್ದು ಬೆಂಗಳೂರಿಗೆ ಬಂದ್ರೆ? ನಮ್ಮಲ್ಲಿ ಎಷ್ಟೋ ಕಡೆ ಫುಟ್‌ಪಾತ್ ಅಂದ್ರೆ ಚರಂಡಿ ಮೇಲೆ ಹಾಸಿದ ಚಪ್ಪಡಿ. ಒಂದು ಚಪ್ಪಡಿ ಹೋಗಿದ್ರೆ ಕಾಲು ಒಳಗೆ. ಫೋಟೊದಲ್ಲಿ ಅದು ಬರೀ ನೆರಳಿನ ಹಾಗೆ ಕಾಣಬಹುದು. ಕ್ಯಾಮೆರಾ ಇರೋದು ಕಾರಿನ ಮೇಲೆ, ಸಾಲಾಗಿ ನಿಲ್ಲಿಸಿದ ಬೈಕುಗಳ ಹಿಂದೆ ಏನಿದೆ ಅಂತ ಅದಕ್ಕೆ ಕಾಣಲ್ಲ. ಗೂಗಲ್ ಸ್ಟ್ರೀಟ್ ವ್ಯೂ 2022ರ ಜುಲೈನಲ್ಲಿ ದೇಶಕ್ಕೆ ಮರಳಿದಾಗ ಶುರುವಾಗಿದ್ದು 10 ನಗರಗಳಲ್ಲಿ. ಫೋಟೊ ಇಲ್ಲದ ಊರು ಯಂತ್ರದ ಲೆಕ್ಕಕ್ಕೇ ಬರಲ್ಲ.

ಇನ್ನು ಕಷ್ಟದ ಮಾತು. ಮಲ್ಲಿಗೆ ಮಾರೋ ಹೆಂಗಸೊಬ್ಬಳು ಫುಟ್‌ಪಾತ್ ಮೇಲೆ ಬುಟ್ಟಿ ಇಟ್ಟು ಕೂತಿದ್ದಾಳೆ ಅಂತಿಟ್ಕೊಳ್ಳಿ. ಯಂತ್ರ ‘ಅಡ್ಡಿ’ ಅಂತ ಬರೆಯುತ್ತೆ. ಆ ಪಟ್ಟಿ ಹಿಡಿದು ಅಧಿಕಾರಿಗಳು ಬಂದ್ರೆ ಮೊದಲು ಎತ್ತೋದು ಬುಟ್ಟಿಯನ್ನೇ, ಟ್ರಾನ್ಸ್‌ಫಾರ್ಮರನ್ನಲ್ಲ. 2014ರ ಬೀದಿ ವ್ಯಾಪಾರಿಗಳ ಕಾಯ್ದೆ ಅವಳಿಗೆ ರಕ್ಷಣೆ ಕೊಟ್ಟಿದೆ, ಯಂತ್ರಕ್ಕೆ ಅದು ಗೊತ್ತಿಲ್ಲ. ಹಾಗಂತ ಗಾಲಿಕುರ್ಚಿಯವರು ರಸ್ತೆಗಿಳೀಬೇಕಾ? 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಅವರ ಕಡೆ ಇದೆ. ನನ್ನ ಕೇಳಿದ್ರೆ ‘ಅಡ್ಡಿ’ ಅನ್ನೋ ಒಂದೇ ಪದದಿಂದಲೇ ತಪ್ಪು ಶುರು. ಟ್ರಾನ್ಸ್‌ಫಾರ್ಮರ್ ಬೇರೆ, ಅಡ್ಡ ನಿಲ್ಲಿಸಿದ ಕಾರು ಬೇರೆ, ಬುಟ್ಟಿ ಬೇರೆ. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ 2012ರ ಮಾರ್ಗಸೂಚಿ ನಡೆಯೋಕೆ ಕನಿಷ್ಠ 1.8 ಮೀಟರ್ ಬಿಡಿ ಅಂದಿತ್ತು. ಬುಟ್ಟಿ ಪಕ್ಕ ಅಷ್ಟು ಉಳಿದಿದ್ರೆ ಅವಳು ಹೇಗೆ ಅಡ್ಡಿ? ಅಳೆದು ಬರೀರಿ. ಅವಳನ್ನೂ ಕೇಳಿ, ಗಾಲಿಕುರ್ಚಿಯವರನ್ನೂ ಕೇಳಿ.

ಕೇಳೋದು ಯಾವ ಭಾಷೇಲಿ? ಗಡಿಯವರಿಗೆ ಇದು ಹೊಸದಲ್ಲ ಬಿಡಿ. ಅರ್ಥವಾಗದ ಭಾಷೆಯ ಅರ್ಜಿಗೆ ಹೆಬ್ಬೆಟ್ಟು ಒತ್ತಿದ ಅಜ್ಜಂದಿರು ಯಾರ ಮನೇಲಿಲ್ಲ? ‘ಈ ಗುರುತು ತಪ್ಪು’ ಅಂತ ಹೇಳೋಕೆ ಬರೀ ಇಂಗ್ಲಿಷ್ ಇದ್ರೆ ಆ ಹೆಂಗಸು ಹೇಳೋದು ಹೇಗೆ?

ನಾವು ಮಾಡಬಹುದಾದ್ದು ಇದೆ. ಓಪನ್‌ಸ್ಟ್ರೀಟ್‌ಮ್ಯಾಪ್ ಅಂತ 2004ರಿಂದ ಇದೆ, ಯಾರು ಬೇಕಾದ್ರೂ ತಿದ್ದಬಹುದು. ಒಂದೇ ಊರಿಗೆ ತಮಿಳು ಹೆಸರಿನ ಜೊತೆ ಕನ್ನಡ ಹೆಸರನ್ನೂ ಸೇರಿಸಬಹುದು, ಒಂದನ್ನ ಅಳಿಸಬೇಕಿಲ್ಲ. ‘ಸ್ಟ್ರೀಟ್‌ಕಂಪ್ಲೀಟ್’ ಅನ್ನೋ ಆ್ಯಪು ನಡೀತಾ ಇರೋವಾಗಲೇ ಈ ರಸ್ತೆಗೆ ಫುಟ್‌ಪಾತ್ ಇದೆಯಾ ಅಂತ ಕೇಳುತ್ತೆ. ಉತ್ತರ ಒತ್ತಿದ್ರೆ ಮ್ಯಾಪಿಗೆ ಹೋಗುತ್ತೆ. ಈಗ ಫೋನ್ ತೆಗೀರಿ, ನಿಮ್ಮ ಊರು ಕನ್ನಡದಲ್ಲಿ ಬರುತ್ತಾ ಹುಡುಕಿ. ಸಂಜೆ ಸತ್ಯಮಂಗಲಕ್ಕೆ ಇಳಿಯೋರು ಯಾರ್ಯಾರು? ಇಬ್ಬರು ಸಾಕು, ಬಸ್‌ಸ್ಟ್ಯಾಂಡಿನಿಂದ ಶುರು ಮಾಡಿ. ಅಳತೆ ಟೇಪು ನಾನು ತಂದಿದ್ದೀನಿ.